ಲೊಗ್ರೊನ್ಯೊದಲ್ಲಿ ಮಾವನವರ ಉಪವಾಸ

ಸ್ಪೇನಿನ ಟಿಕೆಟ್ ಬುಕ್ ಮಾಡಿದಾಗ ಮಾವನವರು ನಮ್ಮ ಲೆಕ್ಕದಲ್ಲೇ ಇರಲಿಲ್ಲ. ಮಗಳು ಆಸ್ಟಿನ್‌ನಲ್ಲಿ ಕಾಲೇಜು ಸೇರಿದ ಮೇಲೆ ಡ್ಯಾಲಸ್ ಹತ್ತಿರದ ಫ್ಲವರ್ ಮೌಂಡಿನ ಮನೆಯಲ್ಲಿ ನಾವು ಗಂಡ ಹೆಂಡತಿ ಇಬ್ಬರೇ ಉಳಿದಿದ್ದೆವು. ಅವಳನ್ನು ನೋಡಲು ಹೋದಾಗಲೆಲ್ಲ ಆಸ್ಟಿನ್‌ನಿಂದ ಪಶ್ಚಿಮದ ಗುಡ್ಡಗಳ ಕಡೆ ಕಾರು ತಿರುಗಿಸಿ, ಅಲ್ಲಿನ ಯಾವುದಾದರೂ ವೈನರಿಯಲ್ಲಿ ಮಧ್ಯಾಹ್ನ ಕಳೆದು ಬರುವುದು ನನ್ನ ಗಂಡನಿಗೆ ರೂಢಿಯಾಯಿತು. ವಿಜಯಪುರದ ಲಿಂಗಾಯತರ ಮನೆಯ ಮಗ, ನಲವತ್ತು ದಾಟುವವರೆಗೆ ಮಜ್ಜಿಗೆಗಿಂತ ಜೋರಾದದ್ದೇನನ್ನೂ ಕುಡಿದವರಲ್ಲ. ಈಗ ಗ್ಲಾಸನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, "ಇದರಾಗ ಓಕ್ ಕಟ್ಟಿಗಿ ವಾಸನಿ ಅದ ನೋಡು" ಅನ್ನುವವರಾದರು. ನಾನೇನು ಹಿಂದೆ ಬಿದ್ದವಳಲ್ಲ. ಮೊದಲು ಕಂಪನಿ ಕೊಡಲು ಒಂದು ಗುಟುಕು ಅಂತ ಶುರುವಾಯಿತು, ಆಮೇಲೆ ನನ್ನ ಗ್ಲಾಸು ನನಗೆ ಬೇರೆಯೇ ಬೇಕಾಯಿತು.

ಗರಾಜಿಗೆ ಒಂದು ಸಣ್ಣ ವೈನ್ ಫ್ರಿಜ್ ಬಂತು. ಮಾವನವರು ನಮ್ಮ ಮನೆಗೆ ಬರುವ ಹಿಂದಿನ ದಿನ ಅದರ ಮೇಲೊಂದು ಹಳೆಯ ಚಾದರ ಹೊದಿಸಿ, ಮೇಲೆ ಅಕ್ಕಿಯ ಚೀಲ ಇಟ್ಟೆವು. ಇಬ್ಬರೂ ನೌಕರಿ ಮಾಡುವ, ಕಾಲೇಜಿಗೆ ಹೋಗುವ ಮಗಳಿರುವ ಜನ, ಬಚ್ಚಿಡುವುದರಲ್ಲಿ ಹತ್ತನೇ ಕ್ಲಾಸಿನ ಹುಡುಗರಂತೆ ಆಗಿದ್ದೆವು.

ಆ ವರ್ಷ ಮಾವನವರು ಚಳಿಗಾಲದಲ್ಲಿ ಬಂದಿದ್ದರು. ಅರ್ಧ ದಿನಗಳು ನಮ್ಮಲ್ಲಿ, ಅರ್ಧ ದಿನಗಳು ಪ್ರಾಸ್ಪರ್‌ನಲ್ಲಿ ನನ್ನ ಮೈದುನನ ಮನೆಯಲ್ಲಿ. ಜೂನ್‌ನಲ್ಲಿ ಅವರು ವಿಜಯಪುರಕ್ಕೆ ವಾಪಸಾಗುವ ಟಿಕೆಟ್ ಇತ್ತು. ಅಲ್ಲಿ ಅವರ ಒಣದ್ರಾಕ್ಷಿ ಅಂಗಡಿ ಇತ್ತು. ನಡೆಸುವವನು ತಂಗಿಯ ಮಗನೇ ಆದರೂ ಮುಂಜಾನೆ ಗಲ್ಲಾಪೆಟ್ಟಿಗೆಯ ಮುಂದೆ ಕೂಡುವವರು ಇವರೇ. ಅಂಗಡಿ, ಅದರ ಮುಂದಿನ ಕಟ್ಟೆ, ಕಟ್ಟೆಗೆ ಬರುವ ಗೆಳೆಯರು, ಇಷ್ಟು ಅವರಿಗೆ ಬೇಕು. ಅಮೆರಿಕದಲ್ಲಿ ಅವರಿಗೆ ಯಾವ ದೂರೂ ಇರಲಿಲ್ಲ, ಆದರೆ ಕ್ಯಾಲೆಂಡರಿನಲ್ಲಿ ಜೂನ್ ತಿಂಗಳ ಹಾಳೆ ತಿರುವಿ ನೋಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೆ.

ಆ ಟಿಕೆಟ್ಟಿನ ಮೇಲೆ ಅವರ ಇಬ್ಬರು ಮಕ್ಕಳ ಕಣ್ಣು ಬಿದ್ದಿತ್ತು. ನನ್ನ ಅತ್ತೆ ಕೊನೆಯ ವರ್ಷಗಳಲ್ಲಿ ಮರೆವಿನ ರೋಗಕ್ಕೆ ಸಿಕ್ಕು, ಯಾರ ಗುರುತೂ ಹತ್ತದೆ ತೀರಿಕೊಂಡವರು. ಮಾವನವರೇ ತುತ್ತು ಮಾಡಿ ಉಣಿಸುತ್ತಿದ್ದರು. ಅದನ್ನು ಕಂಡ ಅಣ್ಣತಮ್ಮಂದಿರು ಈಗ ಅಪ್ಪನನ್ನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದ್ದರು. ಆ ಮಾರ್ಚಿನಲ್ಲಿ ಒಮ್ಮೆ ಮಾವನವರು ಒಲೆಯ ಮೇಲೆ ಹಾಲಿಟ್ಟು ಮರೆತರು. ಹಾಲು ಉಕ್ಕಿಸದ ಮನೆ ಯಾವುದಿದೆ ಅಂತ ನಾನು ಬೈದೆ, ಆದರೂ ಅವರಿಬ್ಬರ ನಡುವೆ ಫೋನುಗಳು ಹಾರಾಡಿದವು. ಹೋಗುವ ಮೊದಲು ಡಾಕ್ಟರಿಗೆ ತೋರಿಸುವುದು, ಸ್ವಲ್ಪ ಏನಾದರೂ ಇದೆ ಎಂದರೆ ವಿಜಯಪುರ ಇಲ್ಲ, ಇಲ್ಲೇ ಇರುವುದು. ಹೀಗೆ ಮಾತಾಯಿತು. ಮಾವನವರಿಗೆ ಯಾರೂ ಹೇಳಲಿಲ್ಲ, ಅವರಿಗೆ ತಿಳಿಯದೆಯೂ ಇರಲಿಲ್ಲ. "ಅಪ್ಪಾ, ನಿನ್ನೆ ಸಂಜೀಕ ಏನ ಉಂಡ್ರಿ?" ಅಂತ ಮಗ ಸಹಜವೆಂಬಂತೆ ಕೇಳಿದರೆ, "ಮುಳಗಾಯಿ ಎಣಗಾಯಿ. ಉಪ್ಪ ಕಡಿಮಿ ಇತ್ತು" ಅಂತ ಉತ್ತರಿಸಿ ನನ್ನ ಕಡೆ ನೋಡಿ ನಗುತ್ತಿದ್ದರು.

ನಮ್ಮ ಸ್ಪೇನ್ ಪ್ರವಾಸದ ವಾರವೇ ಮೈದುನ ಹೊಸ ಮನೆಗೆ ಶಿಫ್ಟ್ ಆಗುವುದಿತ್ತು. ಮಾವನವರನ್ನು ಎಲ್ಲಿ ಬಿಡುವುದು? ಹ್ಯೂಸ್ಟನ್ ಹತ್ತಿರ ಫುಲ್‌ಶೀರ್‌ನಲ್ಲಿರುವ ಹುಬ್ಬಳ್ಳಿ ಗೆಳೆಯರ ಮನೆಯನ್ನು ವಿಚಾರಿಸಿದೆವು. ಅವರು ಸಂತೋಷದಿಂದ ಒಪ್ಪಿದರು. ಅದನ್ನು ಫೋನಿನಲ್ಲಿ ಮಗಳಿಗೆ ಹೇಳಿದಾಗ ಅವಳು ತನ್ನ ಇಂಗ್ಲಿಷಿನಲ್ಲಿ, ಅಜ್ಜ ಏನು ಲಗೇಜಾ ಅಂತ ಕೇಳಿದಳು. ಮರುದಿನವೇ ಅವರನ್ನೂ ಕರೆದುಕೊಂಡು ಹೋಗುವುದೆಂದು ತೀರ್ಮಾನಿಸಿ, ವೀಸಾಕ್ಕಾಗಿ ಹ್ಯೂಸ್ಟನ್‌ಗೆ ಡ್ರೈವ್ ಮಾಡಿಕೊಂಡು ಹೋಗಿ, ಅದೇ ಗೆಳೆಯರ ಮನೆಯಲ್ಲಿ ಮಲಗಿ ಬಂದೆವು. ಗೆಳೆಯರ ಹೆಂಡತಿ ಮಾವನವರ ಮುಂದೆಯೇ, "ಅಂಕಲ್ ನಮ್ಮನ್ಯಾಗ ಇರ್ತಾರಂತ ರೂಮ್ ಎಲ್ಲಾ ತಯಾರ ಮಾಡಿದ್ವಿ" ಅಂದುಬಿಟ್ಟರು. ವಾಪಸು ಬರುವ ದಾರಿಯುದ್ದಕ್ಕೂ ನಾನು ಅವರಿಗೆ ತಿನ್ನಲು ಏನಾದರೊಂದು ಕೊಡುತ್ತಲೇ ಇದ್ದೆ.

ಎಲ್ಲಿಗೆ ಹೋಗುತ್ತಿದ್ದೇವೆ ಅಂತ ಹೇಳಬೇಕಲ್ಲ. ಲೊಗ್ರೊನ್ಯೊ ಅಂತ ಹಳೆಯ ಊರು, ವೈನಿಗೆ ಹೆಸರಾದ ಸೀಮೆಯ ನಡುವಿದೆ. ನನ್ನ ಗಂಡ ಆ ಊರಿಗಾಗಿಯೇ ಇಡೀ ಪ್ರವಾಸ ಕಟ್ಟಿದ್ದರು. ಅಪ್ಪನಿಗೆ ಮಾತ್ರ, "ದ್ರಾಕ್ಷಿ ಸೀಮಿ ಅಪ್ಪಾ. ಎತ್ತ ನೋಡಿದ್ರೂ ದ್ರಾಕ್ಷಿ ತ್ವಾಟ" ಅಂದರು. ಮಾವನವರ ಮುಖ ಅರಳಿತು. ಅಂಗಡಿಗೆ ಫೋನ್ ಮಾಡಿ, ಸ್ಪೇನಿನ ದ್ರಾಕ್ಷಿ ನೋಡಿ ಬರುತ್ತೇನೆ ಅಂತ ಸೋದರಳಿಯನಿಗೆ ಹೇಳಿದರು. ನಾನು ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತಾ ನಿಂತೆ.

ಮ್ಯಾಡ್ರಿಡ್‌ನಲ್ಲಿ ಕಾರು ಬಾಡಿಗೆಗೆ ಹಿಡಿದು ಉತ್ತರಕ್ಕೆ ಹೊರಟೆವು. ಡಿಕ್ಕಿಯಲ್ಲಿ ಒಂದು ಡಬ್ಬಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಅನ್ನುವ ಚಟ್ನಿಪುಡಿ. ದ್ರಾಕ್ಷಿ ತೋಟಗಳು ಶುರುವಾದ ಮೇಲೆ ಮಾವನವರು ಕಿಟಕಿಯಿಂದ ಮುಖ ತೆಗೆಯಲಿಲ್ಲ. "ಹಂದರನೇ ಇಲ್ಲ ನೋಡವ್ವಾ. ಗಿಡ ನೆಲಕ್ಕ ಕುಂತದ" ಅಂದರು. ಕಾರು ನಿಲ್ಲಿಸಿ, ಇಳಿದು, ಮಣ್ಣು ಹಿಡಿದು ನೋಡಿದರು. ಗಂಡ ಫೋಟೋ ತೆಗೆದರು. ಆ ಫೋಟೋದಲ್ಲಿ ಅವರು ಎಷ್ಟು ಖುಷಿಯಾಗಿದ್ದಾರೆಂದರೆ ನಾನು ಅದನ್ನು ಇವತ್ತಿಗೂ ಪೂರ್ತಿ ನೋಡಲಾರೆ.

ಆ ಸಂಜೆ ಊರು ಸುತ್ತಿದೆವು. ನದಿಯ ಮೇಲೆ ಕಲ್ಲಿನ ಸೇತುವೆ, ಅದನ್ನು ದಾಟಿ ಬರುವ ಪಾದಯಾತ್ರಿಕರು. ಬೆನ್ನಿಗೆ ಗಂಟು, ಗಂಟಿಗೆ ಕಟ್ಟಿದ ಚಿಪ್ಪು, ಕೈಯಲ್ಲಿ ಕೋಲು. ತಿಂಗಳುಗಟ್ಟಲೆ ನಡೆದು ದೂರದ ಒಂದು ದೊಡ್ಡ ಚರ್ಚಿಗೆ ಹೋಗುತ್ತಾರಂತೆ, ಈ ಊರು ಅವರ ದಾರಿಯಲ್ಲಿದೆ. ಮಾವನವರು ವಯಸ್ಸಿನಲ್ಲಿದ್ದಾಗ ಶ್ರೀಶೈಲಕ್ಕೆ ನಡೆದು ಹೋದವರು. "ಕಾಲಿಗೆ ಗುಳ್ಳಿ ಎದ್ದಾವು ಪಾಪ" ಅಂತ ಒಬ್ಬ ಮುದುಕಿಯ ಕಾಲು ನೋಡಿ ನಿಂತರು. ಅವಳು ನಕ್ಕಳು, ಇವರು ಕೈ ಮುಗಿದರು. ಗಂಡ ನನ್ನ ಕಿವಿಯಲ್ಲಿ, ನಾಳೆಯ ಟೂರಿನ ಹೊತ್ತಿಗೆ ಇವರನ್ನು ಇಲ್ಲೇ ಯಾತ್ರಿಕರ ನಡುವೆ ಕೂಡಿಸಬಹುದು ಅಂದರು. ನಾನು ಹೂಂ ಅಂದೆ.

ಮಾವನವರ ಪೂಜೆಯ ವಿಷಯ ಇಲ್ಲೇ ಹೇಳಬೇಕು. ಕೊರಳಲ್ಲಿ ಶಿವದಾರ, ಅದರ ತುದಿಗೆ ಬೆಳ್ಳಿಯ ಕರಡಿಗೆ, ಅದರೊಳಗೆ ಅವರ ಇಷ್ಟಲಿಂಗ. ಅವರು ಸಣ್ಣವರಿದ್ದಾಗ ಸ್ವಾಮಿಗಳು ಕಟ್ಟಿದ್ದು. ದಿನಾ ಮುಂಜಾನೆ ಸ್ನಾನ ಮಾಡಿ, ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡಿದ ಮೇಲೆಯೇ ಬಾಯಿಗೆ ನೀರು. ಲಿಂಗ ಮೈಮೇಲೆ ಇಲ್ಲದೆ ಒಂದು ಗುಟುಕು ನೀರೂ ಇಲ್ಲ, ಒಂದು ತುತ್ತು ಅನ್ನವೂ ಇಲ್ಲ. ನಮ್ಮ ಮನೆಗಳಲ್ಲಿ ಈಗ ಬಹಳ ಜನ ಇದನ್ನು ಸಡಿಲ ಬಿಟ್ಟಿದ್ದಾರೆ. ನನ್ನ ಇಷ್ಟಲಿಂಗ ಫ್ಲವರ್ ಮೌಂಡಿನ ದೇವರ ಮನೆಯ ಡಬ್ಬಿಯಲ್ಲಿದೆ. ಅವರು ಬಿಟ್ಟಿರಲಿಲ್ಲ.

ನಾವು ತಂಗಿದ್ದು ಹಳೆಯ ಊರಿನೊಳಗಿನ ಒಂದು ಬಾಡಿಗೆ ಮನೆ. ಮರುದಿನ ಮುಂಜಾನೆ ಅದನ್ನು ಖಾಲಿ ಮಾಡಿ, ಹತ್ತಿರದಲ್ಲೇ ಇದ್ದ ನೆಲಮಾಳಿಗೆಯ ವೈನ್ ಟೂರಿಗೆ ಹೋಗಬೇಕಿತ್ತು. ಹೊತ್ತು ತಪ್ಪಿದರೆ ಒಳಗೆ ಬಿಡುವುದಿಲ್ಲ ಅಂತ ಬರೆದಿದ್ದರು. ನನ್ನದು ಮೊದಲೇ ಅವಸರದ ಜೀವ. ಮಾವನವರು ಕಿಟಕಿಯ ಹತ್ತಿರ ತಮ್ಮ ಉಣ್ಣೆಯ ಶಾಲು ಮಡಚಿ ಹಾಸಿಕೊಂಡು ಪೂಜೆಗೆ ಕೂತಿದ್ದರು. ನಾನು ಬಾಗಿಲಿಗೆ ಬಂದು, "ಮಾವಾರ, ಆತೇನ್ರಿ?" ಅಂದೆ. ಮತ್ತೆ ಬಂದೆ. ಮತ್ತೆ ಬಂದು, "ಲೇಟ್ ಆಗ್ಲಿಕ್ಕತ್ತದ್ರಿ, ಲಗೂನ ಅಂಗಿ ಹಾಕ್ಕೊಳ್ರಿ" ಅಂದೆ. ಪೂಜೆಗೆ ಕೂತವರನ್ನು ಹೀಗೆ ಎಬ್ಬಿಸಬಾರದು ಅಂತ ಧಾರವಾಡದಲ್ಲಿ ನನ್ನ ತವರಿನಲ್ಲಿ ಸಣ್ಣ ಹುಡುಗಿಗೂ ಗೊತ್ತಿರುತ್ತದೆ.

"ಬಂದೆವ್ವಾ, ಬಂದೆ" ಅನ್ನುತ್ತಾ ಅವರು ಒಳಗಿನ ಕೋಣೆಗೆ ಹೋದರು. ಗಂಡ ಸೂಟ್‌ಕೇಸ್ ಎಲ್ಲಾ ಕಾರಿಗೆ ಒಯ್ದಾಗಿತ್ತು. ನೆಲಮಾಳಿಗೆಯಲ್ಲಿ ಚಳಿ ಇರುತ್ತದೆ, ಹೊದೆಯಲು ಏನಾದರೂ ಇಟ್ಟುಕೋ ಅಂದಿದ್ದರು. ನಾನು ಒಂದು ಕೈಯಲ್ಲಿ ಫೋನಿನ ಮ್ಯಾಪ್ ನೋಡುತ್ತಾ, ಇನ್ನೊಂದು ಕೈಯಲ್ಲಿ ಮಾವನವರ ಶಾಲನ್ನು ಸುತ್ತಿ ನನ್ನ ದೊಡ್ಡ ಹೆಗಲ ಚೀಲಕ್ಕೆ ತುರುಕಿದೆ. ಅವರನ್ನು ಕೇಳಲಿಲ್ಲ. ಎಲ್ಲರೂ ಮೆಟ್ಟಿಲಿಳಿದು ಬಂದೆವು. ಮಾವನವರು ಹೊರಡುವ ಮುನ್ನ ನಿಂತಲ್ಲೇ ತೆಗೆದುಕೊಂಡ ಎರಡು ಬಿಸ್ಕಿಟು, ಒಂದು ಲೋಟ ಹಾಲು, ಸಕ್ಕರೆ ಕಾಯಿಲೆಯ ಗುಳಿಗೆ, ಇಷ್ಟರ ಮೇಲಿದ್ದರು. ರೊಟ್ಟಿ ಆಮೇಲೆ ತಿಂದರಾಯಿತು ಅಂದವಳೂ ನಾನೇ.

ಚರ್ಚಿನ ಪಕ್ಕದ ಚೌಕದಲ್ಲಿ ಯಾತ್ರಿಕರು ಬಂದು ಬೂಟು ಬಿಚ್ಚಿ ಕೂಡುತ್ತಾರೆ. ಅಲ್ಲೊಂದು ಬೆಂಚಿನ ಮೇಲೆ ಮಾವನವರನ್ನು ಕೂಡಿಸಿದೆವು.

"ಮೆಟ್ಟಲಾ ಭಾಳ ಅವಂತ ಅಪ್ಪಾ, ನಿಮ್ಮ ಮೊಣಕಾಲಿಗೆ ಆಗೂದಿಲ್ಲ" ಅಂದರು ಗಂಡ.

"ಒಲ್ಲೆಪಾ, ನೀವು ನೋಡಿಕೊಂಡ ಬರ್ರಿ. ಕೆಳಗ ಏನದ?"

"ಹಳೇ ನೆಲಮಾಳಗಿ. ಮೊದಲ ದ್ರಾಕ್ಷಿ ತಂದು ಹಾಕ್ತಿದ್ರಂತ."

ಅದು ಸುಳ್ಳೂ ಅಲ್ಲ. ಹಾಗಾಗಿಯೇ ನನಗೆ ಇನ್ನಷ್ಟು ಕಸಿವಿಸಿಯಾಯಿತು. ನಾನು ಚರ್ಚಿನ ಗೋಡೆಯ ಕಡೆ ನೋಡಿದೆ.

ಕೆಳಗೆ ಹೋದೆವು, ಕುಡಿದೆವು. ಚೆನ್ನಾಗಿತ್ತು, ಅದನ್ನೂ ಹೇಳಿಬಿಡುತ್ತೇನೆ. ಕಲ್ಲಿನ ಕಮಾನು, ಸಾಲಾಗಿ ಪೀಪಾಯಿ, ಹಸಿ ಮಣ್ಣಿನ ವಾಸನೆ, ನಗುನಗುತ್ತಾ ಗ್ಲಾಸು ತುಂಬುವ ಹುಡುಗಿ. ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಒಂದೆರಡು ಗುಟುಕಿಗೆ ಮೈ ಬೆಚ್ಚಗಾಗಿ ಶಾಲಿನ ನೆನಪೇ ಆಗಲಿಲ್ಲ. ನಮ್ಮ ತಲೆಯ ಮೇಲೆ, ಚೌಕದ ಬೆಂಚಿನಲ್ಲಿ ಒಬ್ಬ ಮುದುಕ ಹಸಿದು ಕೂತಿದ್ದಾನೆ ಅಂತ ಒಮ್ಮೆ ಮನಸ್ಸಿಗೆ ಬಂತು. ಅಷ್ಟರಲ್ಲಿ ಹುಡುಗಿ ಇನ್ನೊಂದು ಬಾಟಲಿ ತೆಗೆದಳು. ಮೇಲೆ ಬರುವಾಗ ಇಬ್ಬರೂ ಯಾಲಕ್ಕಿ ಜಗಿಯುತ್ತಾ ಬಂದೆವು.

ಮಾವನವರು ಎದ್ದು ನಿಂತಿದ್ದರು. ಅಂಗಿಯ ಮೇಲಿನ ಗುಂಡಿ ಬಿಚ್ಚಿತ್ತು, ಒಂದು ಕೈ ಎದೆಯ ಮೇಲಿತ್ತು.

"ಲಿಂಗ ಇಲ್ಲವ್ವಾ" ಅಂದರು.

ಗಂಡ ಕೂಡಲೇ, "ಎಲ್ಲೆ ಬಿಟ್ರಿ ಅಪ್ಪಾ?" ಅಂದರು. ಎಲ್ಲಿ ಹೋಯಿತು ಅನ್ನಲಿಲ್ಲ, ಎಲ್ಲಿ ಬಿಟ್ಟಿರಿ ಅಂದರು.

ಮಾವನವರು ನಿಧಾನವಾಗಿ, ಒಂದೊಂದೇ ಹೇಳಿದರು. "ಪೂಜಿ ಆತು. ಶಿವದಾರದ ಗಂಟ ಸಡ್ಲಾಗಿತ್ತು, ಬಿಗಿ ಮಾಡಿದೆ. ಕರಡಿಗಿ ಶಾಲಿನ ಮ್ಯಾಲೆ ಇಟ್ಟು ಅಂಗಿ ತರಲಿಕ್ಕೆ ಒಳಗ ಹೋದೆ. ಈಕಿ ಕರದಳು, ಹಂಗೇ ಬಂದೆ. ಕೊಳ್ಳಾಗ ಅದ ಅಂತನೇ ತಿಳಕೊಂಡು ಹಾಲೂ ಕುಡದೆ."

ಹುಡುಗತನದಿಂದ ಕೊರಳಲ್ಲಿರುವುದು. ಇದೆಯೋ ಇಲ್ಲವೋ ಅಂತ ಯಾರು ಮುಟ್ಟಿ ನೋಡಿಕೊಳ್ಳುತ್ತಾರೆ? ಆದರೆ ನಾನು ಆಗ ಅಷ್ಟು ಯೋಚಿಸಲಿಲ್ಲ. ಕೋರ್ಟಿನಲ್ಲಿ ಸಾಕ್ಷಿ ಹೇಳುವವಳ ಹಾಗೆ, "ಶಾಲು ನಾನೇ ಜಾಡಿಸಿ ಮಡಚೀನ್ರಿ ಮಾವಾರ. ಅದರ ಮ್ಯಾಲೆ ಏನೂ ಇರಲಿಲ್ಲ" ಅಂದೆ.

"ಇರಲಿಲ್ಲೇನು?"

"ಇರಲಿಲ್ರಿ."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಕೆಳಗೆ ನೋಡುತ್ತಾ ಬೆಂಚಿನ ಮೇಲೆ ಕೂತರು. ಗಂಡ ನನ್ನತ್ತ ಒಂದು ನೋಟ ಹಾಯಿಸಿದರು. ಆ ನೋಟದ ಅರ್ಥ ನನಗೆ ಗೊತ್ತಿತ್ತು, ನಾನೂ ಅದೇ ನೋಟವನ್ನು ವಾಪಸು ಕೊಟ್ಟೆ.

ಮಾವನವರನ್ನು ಅಲ್ಲೇ ಬಿಟ್ಟು ಬಾಡಿಗೆ ಮನೆಗೆ ಓಡಿದೆವು. ಮನೆಯೊಡತಿ ದಪ್ಪನೆಯ, ಉಸ್ಸೆನ್ನುವ ಹೆಂಗಸು, ಆಗಲೇ ಕಸ ಗುಡಿಸಿ ಹಾಸಿಗೆ ಬದಲಿಸಿದ್ದಳು. ಗಂಡ ಫೋನಿನಲ್ಲಿ ಅನುವಾದ ಮಾಡಿ ತೋರಿಸಿದರು. ಬೆಳ್ಳಿಯ ಸಣ್ಣ ಡಬ್ಬಿ, ಅದರೊಳಗೆ ದೇವರು. ಅವಳು ಓದಿ, ಎದೆಗೆ ಶಿಲುಬೆಯ ಗುರುತು ಮಾಡಿಕೊಂಡು, ಮೊಣಕಾಲೂರಿ ಮಂಚದ ಕೆಳಗೆ ತೂರಿದಳು. ಕಸದ ಚೀಲವನ್ನು ಹಳೆಯ ಪೇಪರಿನ ಮೇಲೆ ಸುರಿದು ಬೆರಳಾಡಿಸಿದಳು. ಬಚ್ಚಲಿನ ಜಾಲರಿಯನ್ನೂ ಬಿಚ್ಚಿದಳು. ಅವಳ ಜತೆ ನಾನೂ ನೆಲದ ಮೇಲೆ ತೆವಳಿದೆ. ನನ್ನ ಹೆಗಲ ಚೀಲ ಎದೆಗೆ ಬಡಿಯುತ್ತಿತ್ತು, ಅದನ್ನು ಬೆನ್ನಿಗೆ ಸರಿಸಿಕೊಂಡು ಹುಡುಕಿದೆ. ಸಿಗಲಿಲ್ಲ. ಕಾರಿನ ಸೂಟ್‌ಕೇಸುಗಳನ್ನು, ಮಾವನವರ ಬಟ್ಟೆಯ ಚೀಲವನ್ನು ತೆಗೆದು ಜಾಡಿಸಿದೆವು. ವಿಭೂತಿ ಸಿಕ್ಕಿತು, ರುದ್ರಾಕ್ಷಿ ಸಿಕ್ಕಿತು, ಕರಡಿಗೆ ಇರಲಿಲ್ಲ.

ಮಧ್ಯಾಹ್ನವಾಯಿತು. ಚೌಕಕ್ಕೆ ಬಂದು ಮಾವನವರ ಮುಂದೆ ರೊಟ್ಟಿ ಡಬ್ಬಿ ತೆಗೆದೆ. ಅವರು ಕೈ ಅಡ್ಡ ಹಿಡಿದರು. ನೀರಿನ ಬಾಟಲಿಗೂ ಅಡ್ಡ ಹಿಡಿದರು.

"ಅಪ್ಪಾ, ಗುಳಿಗಿ ತಗೊಂಡೀರಿ. ಶುಗರ್ ಇಳೀತಂದ್ರ ಇಲ್ಲೇ ಬೀಳ್ತೀರಿ" ಅಂದರು ಗಂಡ.

"ಬಿದ್ರ ಬೀಳ್ತೀನಿ."

"ಊರಿಗೆ ಹೋದ ಮ್ಯಾಲೆ ಸ್ವಾಮಿಗಳ ಕಡಿಂದ ಬ್ಯಾರೇದು ಕಟ್ಟಿಸಿಕೊಳ್ಳೂಣು."

"ಕಟ್ಟಿಸಿಕೊಂಡ ಮ್ಯಾಲೆ ಉಣ್ತೀನಿ" ಅಂದರು ಮಾವನವರು. ದನಿ ಎತ್ತರಿಸಲಿಲ್ಲ. ಆ ಮನೆತನದ ಹಟ ನನಗೆ ಗೊತ್ತು, ಮದುವೆಯಾಗಿ ಇಷ್ಟು ವರ್ಷದಿಂದ ಮಗನಲ್ಲಿ ನೋಡುತ್ತಿದ್ದೇನೆ.

ಗಂಡ ಫೋನ್ ಹಿಡಿದು ಚೌಕದ ಆ ಕಡೆ ಹೋದರು. ಪ್ರಾಸ್ಪರ್‌ಗೆ, ತಮ್ಮನಿಗೆ. ಇಂಗ್ಲಿಷಿನಲ್ಲಿ ಮಾತಾಡಿದರೆ ಅಪ್ಪನಿಗೆ ತಿಳಿಯುವುದಿಲ್ಲ ಅಂತ ಅವರಿಬ್ಬರೂ ಯಾಕೆ ತಿಳಿಯುತ್ತಾರೋ, ಮಾವನವರು ಬಿ.ಎ. ಮಾಡಿದವರು. ಮೆಮರಿ ಟೆಸ್ಟ್ ಅನ್ನುವುದು ಕೇಳಿಸಿತು. ಶಾಲಿನ ಮೇಲೆ ಇಟ್ಟೆ ಅನ್ನುತ್ತಾರೆ, ಇವಳು ಅಲ್ಲಿ ಏನೂ ಇರಲಿಲ್ಲ ಅನ್ನುತ್ತಾಳೆ, ಅಮ್ಮನದೂ ಹೀಗೇ ಶುರುವಾಗಿತ್ತು ಅನ್ನುವುದು ಕೇಳಿಸಿತು. ಆಮೇಲೆ ಜೂನ್ ಟಿಕೆಟ್. ಕ್ಯಾನ್ಸಲ್ ಮಾಡುವುದು ಒಳ್ಳೆಯದು, ನಾಳೆ ನೀನೇ ಮಾಡು. ಮಾವನವರು ಯಾತ್ರಿಕರ ಬೂಟುಗಳನ್ನು ನೋಡುತ್ತಿದ್ದಂತೆ ಕಂಡರೂ ಕಿವಿ ಅಲ್ಲೇ ಇತ್ತು.

ಸ್ವಲ್ಪ ಹೊತ್ತಿನ ಮೇಲೆ ನನ್ನನ್ನು ಕರೆದರು. "ಯವ್ವಾ, ನಿಮ್ಮ ಅತ್ತಿಗೂ ಮೊದಲ ಹಿಂಗೇ ಆತಲ್ಲ."

"ಹಂಗೇನಿಲ್ರಿ ಮಾವಾರ. ನಾ ಅವಸರ ಮಾಡಿದೆ, ಅದಕ್ಕ ಹಿಂಗಾತು."

"ಆಕಿ ಬಂಗಾರದ ಬಳಿ ಒಂದ ಕಡೆ ಇಡತಿದ್ದಳು, ಇನ್ನೊಂದ ಕಡೆ ಇಟ್ಟೀನಿ ಅಂತ ಜಗಳಾ ತಗೀತಿದ್ದಳು. ಖಾತ್ರಿಲೆ ಹೇಳತಿದ್ದಳು. ನಾ ನಗತಿದ್ದೆ." ಬಿಚ್ಚಿದ್ದ ಗುಂಡಿ ಹಾಕಿಕೊಂಡರು. ಮತ್ತೆ ಅಂದರು, "ಶಾಲಿನ ಮ್ಯಾಲೆ ಇಟ್ಟದ್ದು ನನಗ ಕಣ್ಣಿಗೆ ಕಟ್ಟಿದಂಗ ಅದ. ಆಕಿಗೂ ಹಿಂಗೇ ಕಾಣತಿತ್ತೇನೋ."

ಅವರ ಮಾತು ನಿಜವಿರಬಹುದು ಅಂತ ಆಗಲೂ ನನಗೆ ಅನ್ನಿಸಲಿಲ್ಲ, ಅದೇ ನನ್ನ ಪಾಪ. ಅಯ್ಯೋ, ಇವರಿಗೂ ಶುರುವಾಯಿತಲ್ಲ ಅಂತ ಮರುಗುತ್ತಾ, ಎಲ್ಲಾ ಗೊತ್ತಿರುವವಳ ಹಾಗೆ ಪಕ್ಕದಲ್ಲಿ ಕೂತಿದ್ದೆ. ಬಾಯಲ್ಲಿ ಇನ್ನೂ ಯಾಲಕ್ಕಿಯ ವಾಸನೆ ಇತ್ತು. ಬೆಳಿಗ್ಗೆ ಅವಸರ ಮಾಡಿದ್ದು, ಸುಳ್ಳು ಹೇಳಿ ಕೂಡಿಸಿ ಹೋದದ್ದು, ಕುಡಿದದ್ದು, ಇವೆಲ್ಲ ಚುಚ್ಚುತ್ತಿದ್ದವು. ಇವೆಲ್ಲಕ್ಕಿಂತ ದೊಡ್ಡದು ನನ್ನ ಆ ಒಂದು ಮಾತು ಅಂತ ಗೊತ್ತಿರಲಿಲ್ಲ.

ಹೊತ್ತು ಇಳಿಯಿತು. ನದಿಯ ಕಡೆಯಿಂದ ಗಾಳಿ ಬೀಸತೊಡಗಿತು. ಮೇ ತಿಂಗಳಾದರೂ ಅಲ್ಲಿ ಸಂಜೆ ತಣ್ಣಗಿರುತ್ತದೆ. ಮಾವನವರ ಹಣೆಯಲ್ಲಿ ಬೆವರು, ಕೈಯಲ್ಲಿ ನಡುಕ. ಶುಗರ್ ಇಳಿಯುತ್ತಿದೆ ಅಂತ ತಿಳಿಯಿತು. ಗಂಡ ಔಷಧಿ ಅಂಗಡಿ ಹುಡುಕಿಕೊಂಡು ಓಡಿದರು. ಬಾಯಿ ಬಿಡಿಸಿಯಾದರೂ ಗ್ಲೂಕೋಸ್ ಹಾಕುತ್ತೇನೆ, ಅವರ ಹಟ ಹಾಳಾಗಲಿ ಅನ್ನುತ್ತಾ ಹೋದರು, ಕಣ್ಣಲ್ಲಿ ನೀರಿತ್ತು. ನಾನು ಮಾವನವರಿಗೆ ಹೊದಿಸೋಣ ಅಂತ ಚೀಲದಿಂದ ಶಾಲು ಎಳೆದೆ. ಎಳೆದ ರಭಸಕ್ಕೆ ಮಡಿಕೆ ಬಿಚ್ಚಿತು. ಕರಡಿಗೆ ದಾರದ ಸಮೇತ ಜಾರಿ ನನ್ನ ಮಡಿಲಿಗೆ ಬಿತ್ತು.

ನಾನು ಶಾಲನ್ನು ಯಾವಾಗಲೂ ಜಾಡಿಸಿಯೇ ಮಡಚುತ್ತೇನೆ. ಅವತ್ತು ಜಾಡಿಸಿರಲಿಲ್ಲ. ಒಂದು ಕೈಯಲ್ಲಿ ಸುತ್ತಿ ತುರುಕಿದ್ದೆ. ದಿನವೂ ಮಾಡುವುದನ್ನೇ ಅವತ್ತೂ ಮಾಡಿದೆ ಅಂತ ನೆನಪಿಟ್ಟುಕೊಂಡವಳು ನಾನು, ತಪ್ಪು ನೆನಪು ನನ್ನದು.

ಮಾವನವರು ಕರಡಿಗೆ ನೋಡಿದರು, ಮುಟ್ಟಲಿಲ್ಲ. ನೆಲದ ಮೇಲೆ, ಅವರ ಕಾಲ ಹತ್ತಿರ ಕೂತೆ. ಯಾತ್ರಿಕರು ನೋಡುತ್ತಿದ್ದರು, ನೋಡಲಿ.

"ಶಾಲಿನ್ಯಾಗ ಇತ್ರಿ ಮಾವಾರ. ನಾ ನೋಡಲಾರದೆ ಸುತ್ತಿ ಚೀಲದಾಗ ಹಾಕ್ಕೊಂಡೆ. ಮುಂಜಾನಿಯಿಂದ ನನ್ನ ಹೆಗಲ ಮ್ಯಾಲೇ ಇತ್ತು. ಕೆಳಗ ಅದ ದ್ರಾಕ್ಷಿ ಮನಿ ಅಲ್ರಿ, ವೈನ್ ಕುಡಿಯೂ ಜಾಗಾ. ನಾವಿಬ್ಬರೂ ಕುಡದ್ವಿ. ನಾನೂ ಕುಡದೆ. ಇದು ನನ್ನ ತೊಡಿ ಮ್ಯಾಲಿನ ಚೀಲದಾಗೇ ಇತ್ತು."

ಬೈಯುತ್ತಾರೆ ಅಂತ ಕಾದೆ. ಬೈದರೆ ಸಾಕು ಅನ್ನಿಸುತ್ತಿತ್ತು. ಮಾವನವರು ವೈನಿನ ಮಾತನ್ನು ಕೇಳಿಸಿಕೊಂಡರೋ ಇಲ್ಲವೋ.

"ಶಾಲಿನ್ಯಾಗ ಇತ್ತು?" ಅಂದರು.

"ಹೌದ್ರಿ."

"ನಾ ಅಲ್ಲೇ ಇಟ್ಟಿದ್ದೆ."

"ಹೌದ್ರಿ ಮಾವಾರ. ಅಲ್ಲೇ ಇಟ್ಟಿದ್ರಿ."

ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅತ್ತೆ ತೀರಿದ ದಿನವೂ ನಾನು ಅವರು ಅತ್ತದ್ದನ್ನು ಕಂಡಿರಲಿಲ್ಲ.

ಚೌಕದ ಮೂಲೆಯಲ್ಲಿ ಯಾತ್ರಿಕರು ಕುಡಿಯುವ ನೀರಿನ ನಲ್ಲಿ ಇತ್ತು. ನನ್ನ ತೋಳು ಹಿಡಿದುಕೊಂಡು ಅಲ್ಲಿಯವರೆಗೆ ನಡೆದರು. ಕೈಕಾಲು ಮುಖ ತೊಳೆದು, ಕರಡಿಗೆ ತೊಳೆದು, ಬೆಂಚಿಗೆ ಬಂದು ಅದೇ ಶಾಲಿನ ಮೇಲೆ ಕೂತು, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡರು. ಕೈ ನಡುಗುತ್ತಿತ್ತು, ನಾನು ಕೆಳಗಿನಿಂದ ಅವರ ಮೊಣಕೈ ಹಿಡಿದೆ. ಹತ್ತಿರದಲ್ಲಿ ಮಾತಾಡುತ್ತಿದ್ದ ಯಾತ್ರಿಕರು ತಾವಾಗಿಯೇ ದನಿ ತಗ್ಗಿಸಿದರು. ಗಂಡ ಗ್ಲೂಕೋಸ್ ಪ್ಯಾಕೆಟ್ ಹಿಡಿದು ಓಡಿ ಬಂದವರು ದೂರದಲ್ಲೇ ನಿಂತುಬಿಟ್ಟರು. ಪೂಜೆ ಮುಗಿಸಿ, ಶಿವದಾರ ಕೊರಳಿಗೆ ಹಾಕಿಕೊಂಡು, ನೀರು ಕುಡಿದು, ಗ್ಲೂಕೋಸ್ ತಿಂದು, ಹಿಂಡಿ ಹಚ್ಚಿದ ರೊಟ್ಟಿ ಮುರಿದರು.

ಗಂಡನಿಗೆ ಹೋದ ಜೀವ ಬಂದಂತಾಗಿತ್ತು. ಅಪ್ಪನ ಪಕ್ಕ ಕೂತು, ಬೆನ್ನು ಸವರುತ್ತಾ, "ಸಿಕ್ತಲ್ಲ, ಸಾಕು ಬಿಡ್ರಿ. ಎಲ್ಲೆ ಬಿಟ್ಟಿದ್ರಿ?" ಅಂದರು.

ಮಾವನವರು ಮಗನ ಕಡೆ ತಿರುಗಲಿಲ್ಲ. "ನೀ ಹೇಳವ್ವಾ" ಅಂದರು ನನಗೆ. "ನಾ ಹೇಳಿದ್ರ ಅಂವ ನಂಬೂದಿಲ್ಲ."

ನಾನು ಹೇಳಿದೆ, ಮೊದಲಿನಿಂದ, ಒಂದೂ ಬಿಡದೆ. ಗಂಡ ತಲೆ ತಗ್ಗಿಸಿಕೊಂಡು ಕೇಳಿದರು. ಆಮೇಲೆ ಎದ್ದು ಹೋಗಿ ಪ್ರಾಸ್ಪರ್‌ಗೆ ಫೋನ್ ಮಾಡಿದರು. ಈ ಸಲ ಕನ್ನಡದಲ್ಲಿ ಮಾತಾಡಿದರು. ಟಿಕೆಟ್ ಹಾಗೇ ಇರಲಿ, ಅಪ್ಪ ಜೂನ್‌ನಲ್ಲಿ ಹೋಗುತ್ತಾರೆ, ತಪ್ಪು ನಮ್ಮದು ಅಂದರು. ಮಾವನವರು ರೊಟ್ಟಿ ಅಗಿಯುವುದನ್ನು ನಿಲ್ಲಿಸಿ ಅಷ್ಟನ್ನೂ ಕೇಳಿಸಿಕೊಂಡರು.

ಕತ್ತಲಾಗುವ ಮೊದಲು ಮುಂದಿನ ಊರಿಗೆ ಹೊರಟೆವು. ದ್ರಾಕ್ಷಿ ತೋಟಗಳು ಮುಗಿದ ಮೇಲೆ ಹಿಂದಿನ ಸೀಟಿನಿಂದ ಮಾವನವರು ಕೇಳಿದರು, "ಯವ್ವಾ, ಶಾಲಿನ ಮ್ಯಾಲೇ ಇಟ್ಟಿದ್ದೆ, ಹೌದಲ್ಲ?"

"ಹೌದ್ರಿ ಮಾವಾರ."

ಪೆಟ್ರೋಲ್ ಹಾಕಿಸಲು ನಿಂತಾಗ ಮತ್ತೆ ಕೇಳಿದರು. ಹೋಟೆಲಿನ ಕೋಣೆಯ ಬಾಗಿಲಲ್ಲಿ ಮತ್ತೆ ಕೇಳಿದರು. ಮರೆತು ಕೇಳುತ್ತಿರಲಿಲ್ಲ ಅವರು. ಅವರ ತಲೆಯನ್ನು ಅವರೇ ನಂಬದ ಹಾಗೆ ನಾನು ಒಂದೇ ಮಾತಿನಲ್ಲಿ ಮಾಡಿಬಿಟ್ಟಿದ್ದೆ. ಡ್ಯಾಲಸ್‌ಗೆ ಬಂದ ಮೇಲೂ ಕೇಳಿದರು. ಜೂನ್‌ನಲ್ಲಿ ಏರ್‌ಪೋರ್ಟಿನಲ್ಲಿ, ಕೈಯಲ್ಲಿ ಬೋರ್ಡಿಂಗ್ ಪಾಸ್ ಹಿಡಿದು, ಒಳಗೆ ಹೋಗುವ ಸಾಲಿನಿಂದ ಹಿಂದಿರುಗಿ ಬಂದು ಒಮ್ಮೆ ಕೇಳಿದರು. ಹೌದ್ರಿ ಮಾವಾರ, ಅಲ್ಲೇ ಇಟ್ಟಿದ್ರಿ ಅಂದೆ.